ಒಣಗಿದ ನೆಲ

ನಾಲ್ಕನೆಯ ಬೆಳಿಗ್ಗೆಯೂ ನೆಲ ಒಣಗಿತ್ತು. ಇಂಪನಾ ಮಂಚದಿಂದಿಳಿದು ಬರಿಗಾಲಲ್ಲಿ ಮಲಗುವ ಕೋಣೆಯಿಂದ ನಡುಮನೆಗೆ, ನಡುಮನೆಯಿಂದ ಅತ್ತೆಯ ಹೊಲಿಗೆ ಮಿಷಿನ್ ಇರುವ ಮುಂದಿನ ಕೋಣೆಗೆ ನಡೆದಳು. ಎರಡು ತಿಂಗಳಿಂದ ಅವಳ ಅಂಗಾಲಿಗೆ ಕಣ್ಣು ಮೂಡಿದ ಹಾಗಿತ್ತು. ಬರೀ ತಣ್ಣಗಿರುವ ನೆಲ ಯಾವುದು, ಒದ್ದೆಯಾದ ನೆಲ ಯಾವುದು, ಒರೆಸಿದ ಮೇಲೂ ಜಿಗುಟು ಉಳಿದ ನೆಲ ಯಾವುದು ಎಂದು ಅದು ನೋಡದೆಯೇ ಹೇಳುತ್ತಿತ್ತು. ಸೋಫಾದ ಕಾಲಿನ ಹತ್ತಿರ ಒಣಗಿತ್ತು. ದೇವರ ಗೂಡಿನ ಕೆಳಗೆ ಒಣಗಿತ್ತು. ಗಿರಾಕಿಗಳ ಬಟ್ಟೆಯ ಗಂಟುಗಳನ್ನು ಜೋಡಿಸಿಟ್ಟ ಮೂಲೆಯಲ್ಲೂ ಒಣಗಿತ್ತು. ಒಂದೊಂದು ಜಾಗದಲ್ಲೂ ಒಂದೊಂದು ಪ್ಲಾಸ್ಟಿಕ್ ಬಾಟಲಿ, ಅದರ ತುಂಬ ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರು. ಒಟ್ಟು ಏಳು. ಕಿಟಕಿಯಿಂದ ಬಂದ ಎಳೆ ಬೆಳಕು ಅವುಗಳೊಳಗೆ ಹೊಕ್ಕು ನೆಲದ ಮೇಲೆ ನೀಲಿ ನೆರಳು ಚೆಲ್ಲಿತ್ತು. ಖುಷಿಯಾಗಬೇಕಿತ್ತು. ಮೊದಲ ದಿನ ಆಗಿತ್ತು, ಎರಡನೆಯ ದಿನವೂ ಆಗಿತ್ತು. ಇವತ್ತು ಅಂಗಾಲಿನಿಂದ ಮೇಲಕ್ಕೆ ಏನೂ ಹತ್ತಿ ಬರಲಿಲ್ಲ.

ಮಂತ್ರಿ ಹಿತ್ತಿಲ ಬಾಗಿಲಿಗೆ ಬೆನ್ನು ಕೊಟ್ಟು ಮಲಗಿದ್ದ. ಅವಳ ಹೆಜ್ಜೆ ಕೇಳಿದರೆ ಬಾಲ ನೆಲಕ್ಕೆ ಬಡಿಯಬೇಕು, ಬಡಿಯಲಿಲ್ಲ. ಕಣ್ಣು ಮಾತ್ರ ಮೇಲೆತ್ತಿ ನೋಡಿದ. ಏಳು ವರ್ಷದ ಕಂದು ನಾಯಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿಕೊಂಡದ್ದು. ಕೊತ್ತಗೆರೆಯಲ್ಲಿ ಇಂಪನಾಳ ಅಜ್ಜಿ ಚೆನ್ನಮ್ಮ ಸಾಕಿದ್ದು. ಅಜ್ಜಿಯ ಕಥೆಗಳಲ್ಲಿ ರಾಜ ಯಾವಾಗಲೂ ದಡ್ಡ, ಮಂತ್ರಿಗೆ ಮಾತ್ರ ಬುದ್ಧಿ. ಅದಕ್ಕೇ ಮರಿಗೆ ಆ ಹೆಸರು. ಅಜ್ಜಿ ತೀರಿಕೊಂಡ ವರ್ಷವೇ ಇಂಪನಾಳ ಮದುವೆಯಾಯಿತು, ಗುಬ್ಬಿಯ ಈ ಮನೆಗೆ ಅವಳ ಹಿಂದೆಯೇ ಮಂತ್ರಿಯೂ ಬಂದ. ಹೆಣ್ಣು ಇಳಿಸಿಕೊಳ್ಳಲು ಆರತಿ ಹಿಡಿದು ನಿಂತಿದ್ದ ಹೆಂಗಸರಲ್ಲಿ ಒಬ್ಬರು, "ಪ್ರಮೀಳಕ್ಕಾ, ಸೊಸೆ ಬಳುವಳಿ ತಂದವ್ಳೆ ನೋಡು, ನಾಕ್ ಕಾಲಿಂದು," ಎಂದಿದ್ದರು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. ಆರತಿ ತಟ್ಟೆಯ ಕೆಂಪು ನೀರನ್ನು ಹೊರಗೆ ಚೆಲ್ಲುವಾಗ ನಾಯಿ ಅದನ್ನು ನೆಕ್ಕದ ಹಾಗೆ ಕಾಲಿನಿಂದ ತಡೆದರು. ಅತ್ತೆಯ ಅಡ್ಡಗಾಲು ಮಂತ್ರಿಯ ಎದೆಗೆ ತಾಗಿದ್ದು, ಮಂತ್ರಿ ಅದನ್ನು ಆಟವೆಂದುಕೊಂಡು ಬಾಲ ಆಡಿಸಿದ್ದು, ಹತ್ತು ತಿಂಗಳಾದರೂ ಇಂಪನಾಳಿಗೆ ನೆನಪಿತ್ತು. ಇಂಥದ್ದು ಮಾತ್ರ ಅವಳಿಗೆ ನೆನಪಿರುತ್ತಿತ್ತು. ಯಾರು ಎಷ್ಟು ಪಾತ್ರೆ ಕೊಟ್ಟರು ಎಂದು ಕೇಳಿದರೆ ಗೊತ್ತಿಲ್ಲ.

ಎಂಟು ತಿಂಗಳು ಏನೂ ಇರಲಿಲ್ಲ. ಆಮೇಲೆ ಒಂದು ದಿನ ಸೋಫಾದ ಹತ್ತಿರ ಅಂಗೈಯಗಲದ ಒದ್ದೆ. ಮಾರನೆಯ ದಿನ ಎರಡು ಕಡೆ. ಗಂಡ ಅಂಜನ್‌ಕುಮಾರ್ ಮೊದಮೊದಲು ನಗುತ್ತಿದ್ದ. ವಸಂತನರಸಾಪುರದ ಕಾರ್ಖಾನೆಯಿಂದ ಶಿಫ್ಟು ಮುಗಿಸಿ ಬಂದು ಶೂ ಬಿಚ್ಚುತ್ತ, "ಮಂತ್ರಿಗಳು ಇವತ್ತು ಎಲ್ಲೆಲ್ಲಿ ಉದ್ಘಾಟನೆ ಮಾಡಿದ್ರು?" ಎನ್ನುತ್ತಿದ್ದ. ಅತ್ತೆ ಮಾತ್ರ, "ಬೇಕಂತ ಮಾಡ್ತಾನೆ ಕಣೇ. ಅವ್ನ ಕಣ್ ನೋಡು. ಗೊತ್ತಿದ್ದೇ ಮಾಡೋದು," ಎನ್ನುತ್ತಿದ್ದರು. ಬೈದರು, ಹೊರಗೆ ಕಟ್ಟಿದರು. ಅವನು ಬೊಗಳಿದ, ಅಕ್ಕಪಕ್ಕದವರು ಬಂದರು, ಮತ್ತೆ ಒಳಗೆ ಬಿಟ್ಟರು. ಒಂದು ಸಲ ಇಂಪನಾಳೇ ಅವನ ಕುತ್ತಿಗೆ ಹಿಡಿದು ಮೂತಿಯನ್ನು ಒದ್ದೆಗೆ ಒತ್ತಿ, ಪೊರಕೆಯ ಹಿಡಿಯಿಂದ ಬೆನ್ನಿಗೆ ಎರಡು ಹೊಡೆದಿದ್ದಳು. ಹೊಡೆಯುವಾಗ ಕಣ್ಣು ಅತ್ತೆಯ ಕಡೆಗಿತ್ತು. ಹೊಡೆದದ್ದು ಸಾಕಾ, ಇನ್ನೊಂದು ಬೇಕಾ ಎಂದು ಕೇಳುವ ಹಾಗೆ.

ಅತ್ತೆಯದೂ ತಪ್ಪೆನ್ನುವಂತಿರಲಿಲ್ಲ. ಗಂಡ ಸತ್ತ ಮೇಲೆ ಆ ಮಿಷಿನ್ ತುಳಿದೇ ಮಗನನ್ನು ಓದಿಸಿದವರು ಪ್ರಮೀಳಾ. ಬ್ಲೌಸು, ಫಾಲ್ಸು, ಜಿಗ್‌ಜ್ಯಾಗು. ಸೊಸೆ ಬಂದ ಮೇಲೆ ಹುಕ್ಸು ಹಾಕುವುದು, ಕಾಜ ತೆಗೆಯುವುದು ಅವಳ ಪಾಲಿಗೆ. ಬೇರೆಯವರ ಬಟ್ಟೆ ಇರುವ ಮನೆಯಲ್ಲಿ ವಾಸನೆ ಇರಬಾರದು, ಇಷ್ಟೇ ಅವರ ಶಾಸ್ತ್ರ. ಹದಿನೈದು ದಿನದ ಹಿಂದೆ ಸಿ.ಎಸ್. ಪುರದ ಆಶಾರಾಣಿ ತನ್ನ ತಂಗಿಯ ಧಾರೆ ಸೀರೆಯನ್ನು ಫಾಲ್ಸಿಗೆ ಕೊಟ್ಟು ಹೋಗಿದ್ದಳು. ಆ ಚೀಲದ ಮೇಲೆಯೇ ಆಯಿತು. ಅತ್ತೆ ಸೀರೆಯ ಅಂಚನ್ನು ಮಾತ್ರ ಹಿಡಿದು ಸೀಗೆಪುಡಿಯಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಮೇಲೆ ಪೇಪರಿಟ್ಟು ಇಸ್ತ್ರಿ ಮಾಡಿದರು. ಆಶಾರಾಣಿ ಬಂದು ಮಡಿಕೆ ಬಿಚ್ಚಿ ಮೂಗಿನ ಹತ್ತಿರ ಹಿಡಿದಳು.

"ಪ್ರಮೀಳಕ್ಕ, ಎಂಥದೋ ವಾಸ್ನೆ ಬತ್ತಾದಲ್ಲ?"

"ನುಸಿಗುಳಿಗೇದು ಕಣಮ್ಮ. ಹೊಸಾ ಪ್ಯಾಕೆಟ್ ಒಡ್ದಿದ್ದೆ."

"ನುಸಿಗುಳ್ಗೆ ಹಿಂಗ್ ನಾತ ಬತ್ತಾದಾ?"

ಬಾಗಿಲ ಸಂದಿಯಲ್ಲಿ ನಿಂತಿದ್ದ ಇಂಪನಾಳಿಗೆ ಅತ್ತೆಯ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಎಂದೂ ಬಾಗಿದ್ದನ್ನು ಅವಳು ನೋಡಿರಲಿಲ್ಲ. ಈಗ ಅದು ನೆಲದ ಮೇಲೆ ಬಿದ್ದ ಗುಂಡುಸೂಜಿ ಹುಡುಕುವ ನೆಪದಲ್ಲಿ ಬಾಗಿತು. ಆಶಾರಾಣಿ ಹೋದ ಮೇಲೆ ಅತ್ತೆ ದನಿ ಎತ್ತದೆ ಹೇಳಿದರು: "ಇನ್ನೊಂದ್ ಭಾನ್ವಾರ ನೋಡ್ತೀನಿ, ಅದ್ರ ಮುಂದಿನ್ ಭಾನ್ವಾರ ಅಂಜನ ಅದ್ನ ಗಾಡೀಲಿ ಕರ್ಕೊಂಡೋಗಿ ಮಾರ್ಕೋನಹಳ್ಳಿ ಡ್ಯಾಮ್ ಹತ್ರ ಬುಟ್ ಬತ್ತಾನೆ. ಅಲ್ಲಿ ಮೀನು ಹುರಿಯೋ ಅಂಗ್ಡಿಗಳವೆ. ಹೆಂಗೋ ತಿನ್ಕೊಂಡು ಬದುಕ್ತದೆ." ಇಂಪನಾ ಹೂಂ ಎಂದಳು. ಅಜ್ಜಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು, ಹೂಂ ನಿಂತರೆ ಕಥೆ ನಿಲ್ಲುತ್ತದೆ. ಆ ಅಭ್ಯಾಸ ಹೋಗಿರಲಿಲ್ಲ. ಯಾರು ಏನು ಹೇಳಿದರೂ ಮೊದಲು ಹೂಂ ಬಂದುಬಿಡುತ್ತಿತ್ತು. ಆಮೇಲೆ ಅರ್ಥ ತಿಳಿಯುತ್ತಿತ್ತು.

ಬಾಟಲಿಯ ಯೋಚನೆ ಅವಳದ್ದೇ. ಈ ಬಡಾವಣೆಯಲ್ಲಿ ಗೇಟಿನ ಮುಂದೆ ನೀಲಿ ನೀರಿನ ಬಾಟಲಿ ಇಡದ ಮನೆಯಿಲ್ಲ. ಬೀದಿನಾಯಿ ಅದನ್ನು ಕಂಡರೆ ಕಾಲೆತ್ತುವುದಿಲ್ಲ ಎಂಬ ನಂಬಿಕೆ. ಹೊರಗೆ ನಡೆಯುವುದು ಒಳಗೆ ಯಾಕೆ ನಡೆಯಬಾರದು ಎನ್ನಿಸಿತು. ಕಳೆದ ಭಾನುವಾರ ಏಳು ಬಾಟಲಿ ತೊಳೆದು, ನೀಲಿ ಕಲಸಿ, ಅವನು ಕೆಡಿಸಿದ್ದ ಒಂದೊಂದು ಜಾಗಕ್ಕೂ ಒಂದೊಂದನ್ನು ಕಾವಲಿಟ್ಟಳು. ಅಷ್ಟೇ ಸಾಲದೆಂದು ಅವನ ನೀರನ್ನೂ ಕಮ್ಮಿ ಮಾಡಿದಳು. ಬೆಳಿಗ್ಗೆ ಒಂದು ಬಟ್ಟಲು, ಮತ್ತೆ ಇಲ್ಲ. ಒಳಗೆ ಹೋಗದ್ದು ಹೊರಗೆ ಹೇಗೆ ಬಂದೀತು? ಸೋಮವಾರ ನೆಲ ಒಣಗಿತ್ತು. ಮಂಗಳವಾರವೂ. ಅತ್ತೆ ಕಾಫಿ ಲೋಟವನ್ನು ಅವಳ ಕೈಗೇ ಕೊಟ್ಟು, "ಪರ್ವಾಗಿಲ್ಲ ಕಣೇ, ತಲೆ ಐತೆ ನಿಂಗೆ," ಎಂದರು. ಹತ್ತು ತಿಂಗಳಲ್ಲಿ ಮೊದಲ ಸಲ. ಮಧ್ಯಾಹ್ನ ಬ್ಲೌಸಿನ ಅಳತೆ ಕೊಡಲು ಬಂದ ಇಬ್ಬರಿಗೆ ಅತ್ತೆಯೇ ಕೈ ಹಿಡಿದು ಬಾಟಲಿಗಳನ್ನು ತೋರಿಸಿದರು. "ನಮ್ ಇಂಪನಾದು ಐಡಿಯಾ." ನಮ್ ಇಂಪನಾ. ಆ ಎರಡು ಮಾತು ಎದೆಯಲ್ಲಿ ಬೆಚ್ಚಗೆ ಕೂತವು. ಅವಳು ಹುಕ್ಸು ಹಾಕುತ್ತ ಹಾಕುತ್ತ ಅವನ್ನು ಒಳಗೇ ಹೊರಳಿಸಿ ನೋಡುತ್ತಿದ್ದಳು, ಎಳೆಯ ಹುಣಿಸೆಕಾಯಿಯನ್ನು ಬಾಯಲ್ಲಿ ಹೊರಳಿಸುವ ಹಾಗೆ.

ಆದರೆ ಮಂಗಳವಾರ ಸಂಜೆ ಅವಳು ನೋಡಿದ್ದಳು. ಕರೆಂಟು ಕಂಬದ ಹತ್ತಿರ ಮಂತ್ರಿ ಕಾಲೆತ್ತಿದ, ಎತ್ತಿದ ಕಾಲು ಹಾಗೇ ಇತ್ತು. ಹಿಂಗಾಲು ನಡುಗುವಷ್ಟು ಹೊತ್ತು ನಿಂತಿದ್ದ. ಎರಡು ಹನಿ ಬಿದ್ದವು. ಕಂಬದ ಬುಡದ ಸಿಮೆಂಟಿನ ಮೇಲೆ ಆ ಹನಿ ನಸುಗೆಂಪಾಗಿತ್ತು. ಯಾರೋ ಕಂಬಕ್ಕೆ ಪೂಜೆ ಮಾಡಿ ಕುಂಕುಮ ಹಾಕಿರಬೇಕು ಎಂದುಕೊಂಡಳು. ಕರೆಂಟು ಕಂಬಕ್ಕೆ ಯಾರು ಪೂಜೆ ಮಾಡುತ್ತಾರೆ ಎಂದು ಇನ್ನೊಂದು ಮನಸ್ಸು ಕೇಳಿತು. ಆಯುಧಪೂಜೆಗೆ ಮಾಡುತ್ತಾರೆ ಎಂದು ಮೊದಲಿನ ಮನಸ್ಸು ಹೇಳಿತು. ಆಯುಧಪೂಜೆ ಕಳೆದು ಎಷ್ಟು ದಿನವಾಯಿತು ಎಂದು ಎರಡನೆಯದು ಕೇಳಲಿಲ್ಲ. ಸರಪಳಿ ಎಳೆದಳು, ಅವನು ಬಂದ. ಬುಧವಾರವೂ ಅದೇ ಕಂಬ, ಅದೇ ಕಾಲು. ಬುಧವಾರ ಒಂದು ಹನಿಯೂ ಇಲ್ಲ. ಮನೆಗೆ ಬಂದರೆ ಅತ್ತೆ, "ಹೆಂಗೆ, ಮಂತ್ರಿಗೆ ಬುದ್ಧಿ ಬಂತಾ?" ಎಂದರು. ಇಂಪನಾ ಹೂಂ ಎಂದಳು.

ಈಗ ಗುರುವಾರ. ಅವಳು ಬಗ್ಗಿ ಅವನ ಹೊಟ್ಟೆಯ ಮೇಲೆ ಕೈಯಿಟ್ಟಳು. ಮಂತ್ರಿ ಕುಂಯ್ ಎಂದು ಹಲ್ಲು ತೋರಿಸಿದ. ಅವನು ಅವಳಿಗೆ ಎಂದೂ ಹಲ್ಲು ತೋರಿಸಿದವನಲ್ಲ. ಎದ್ದು ನಿಲ್ಲಲು ನೋಡಿದ, ಹಿಂಗಾಲು ಅಗಲಿಸಿ ಬೆನ್ನು ಗೂನು ಮಾಡಿ ನಿಂತ, ಮತ್ತೆ ಕುಸಿದ. ಬಾಯಿಂದ ಬಿಳಿ ನೊರೆ ಬಂತು.

ಅತ್ತೆ ತಲೆ ಕಟ್ಟಿಕೊಳ್ಳುತ್ತ ಬಂದು ನಿಂತರು. "ಏನಂತೆ?"

"ವಾಂತಿ ಮಾಡ್ದ ಅತ್ತೆ."

"ಏನೋ ತಿಂದವ್ನೆ ಬುಡು." ಅತ್ತೆಯ ಕಣ್ಣು ನಾಯಿಯ ಮೇಲೆ ನಿಲ್ಲದೆ ನೆಲದ ಮೇಲೆ ಹೋಯಿತು. "ನೊರೆ ಒರ್ಸ್‌ಬುಡು, ಕಲೆ ಕಟ್ತದೆ." ಒಳಗೆ ಎರಡು ಹೆಜ್ಜೆ ಹೋದವರು ತಿರುಗಿ, "ಡಾಕ್ಟ್ರಿಗೆ ತೋರುಸ್ತೀಯಾ ಹೆಂಗೆ?" ಎಂದರು. ಅವರೇ ಕೇಳಿದ್ದು ಇಂಪನಾಳಿಗೆ ವಿಚಿತ್ರವೆನಿಸಿತು. ಆದರೆ ಆ ವಿಚಿತ್ರವೂ ಎಲ್ಲೋ ದೂರದಲ್ಲಿ, ಪಕ್ಕದ ಮನೆಯ ಟೀವಿಯ ಹಾಗೆ ಕೇಳಿಸಿ ಸುಮ್ಮನಾಯಿತು.

ಆಟೋದ ಖುರ್ಷಿದ್ ಪಾಷಾ ಫೋನು ಮಾಡಿದ ಕಾಲು ಗಂಟೆಗೆ ಬಂದರು. ನೆರೆತ ಗಡ್ಡ, ಖಾಕಿ ಅಂಗಿ. ಅತ್ತೆ ದಾರ, ಲೈನಿಂಗು ತರಲು ತುಮಕೂರಿಗೆ ಹೋಗುವುದು ಇವರ ಆಟೋದಲ್ಲೇ. ಹಿಂದಿನ ಸೀಟಿನ ಕೆಳಗೆ ಟಾರ್ಪಾಲು ಹಾಸಿ, ಅದರ ಮೇಲೆ ಗೋಣಿಚೀಲ ಹಾಕಿದರು.

"ಗುಬ್ಬಿ ಡಾಕ್ಟ್ರು ಇಲ್ಲಮ್ಮ. ಈಗ ಬರೋವಾಗ ವಿಚಾರಿಸ್ದೆ, ಯಾರ್ದೋ ಹಸು ಈಯಕ್ಕೆ ಕಷ್ಟ ಅಂತ ಹೋಗವ್ರೆ. ಸೀದಾ ತುಮಕೂರಿಗೇ ಹೋಗಣ."

"ಪಾಷಾ ಅವ್ರೇ, ಇವ್ನು ಒಳಗೇ ಮಾಡ್ಬಿಟ್ರೆ..."

"ಉಯ್ದ್ರೆ ಉಯ್ಲಿ ಬುಡಮ್ಮ, ತೊಳ್ಕಂತೀನಿ. ನೀರೇನು ಬರ್ಗಾಲವಾ?"

ಹಾಗಾಗಲಿ, ಇಲ್ಲೇ ಮಾಡಿಬಿಡಲಿ ಎಂದು ಇಂಪನಾ ದೇವರನ್ನು ಕೇಳಿಕೊಂಡಳು. ಎರಡು ತಿಂಗಳು ಯಾವುದು ಆಗದಿರಲಿ ಎಂದು ಕೈ ಮುಗಿದಿದ್ದಳೋ ಅದೇ ಈಗ ಆಗಲಿ ಎಂದು. ದೇವರಿಗೂ ತಲೆ ಕೆಟ್ಟಿರಬೇಕು. ಮಂತ್ರಿಯ ತಲೆ ಅವಳ ಪಾದದ ಮೇಲಿತ್ತು. ಬಿ.ಎಚ್. ರಸ್ತೆಯ ಲಾರಿಗಳು ಒಂದೊಂದಾಗಿ ಹಾದುಹೋಗುತ್ತಿದ್ದವು. ಆಟೋ ಒಂದೊಂದು ಹಳ್ಳಕ್ಕೆ ಇಳಿದಾಗಲೂ ಪಾದದ ಮೇಲಿನ ತಲೆ ಬಿಗಿಯುತ್ತಿತ್ತು. ಖುರ್ಷಿದ್ ಪಾಷಾ ಕನ್ನಡಿಯಲ್ಲಿ ನೋಡುತ್ತ ಮಾತಾಡುತ್ತಿದ್ದರು. ಉಚ್ಚೆ ಹೋಗುತ್ತಿಲ್ಲ ಎಂದು ಅವಳು ಹೇಳಿದ್ದಕ್ಕೆ, ಅವರ ತಂದೆಗೂ ಹೀಗೇ ಕಟ್ಟಿಕೊಂಡಿತ್ತಂತೆ, ಕಲ್ಲು. ಬಾಳೆದಿಂಡಿನ ರಸ ಕುಡಿಸಿ ಕುಡಿಸಿ ಸಾಕಾಯಿತಂತೆ. "ಮನುಷ್ಯ ಆದ್ರೆ ಬಾಯ್ಬಿಟ್ಟು ಅರಚ್ತಾನೆ. ಇದು ಪಾಪ, ಎಲ್ಲಿ ಹೇಳ್ಕಳ್ಳುತ್ತೆ. ಯಾವಾಗ್ನಿಂದ ಹಿಂಗೆ?"

"ಬೆಳಿಗ್ಗೆಯಿಂದ."

ಹೇಳಿದ ಮೇಲೆ ತನಗೇ ಕೇಳಿಸಿತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಾಲಿಗೆಯ ತುದಿಯಲ್ಲಿ ಅದೇ ಇತ್ತು, ಬಂತು. ಪಾಷಾ, "ಬೆಳಿಗ್ಗೆಯಿಂದ ಅಂದ್ರೆ ಏನಿಲ್ಲ ಬುಡಿ, ಬೇಗ ತಂದ್ರಿ," ಎಂದರು. ಬೇಗ ತಂದವಳು. ಅದೂ ಒಂದು ಹೊಗಳಿಕೆ. ಅದನ್ನೂ ಅವಳು ತೆಗೆದಿಟ್ಟುಕೊಂಡಳು. ಕಿಟಕಿಯಿಲ್ಲದ ಆಟೋದ ಅಂಚಿನಲ್ಲಿ ತೆಂಗಿನ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು. ಅಜ್ಜಿಯ ಒಂದು ಕಥೆ ನೆನಪಿಗೆ ಬಂತು: ಒಂದೂರಲ್ಲಿ ಒಬ್ಬ ಸೊಸೆ ಇದ್ದಳಂತೆ, ಅವಳ ಅತ್ತೆ ಈ ಮನೆಯಲ್ಲಿ ಅಳಕೂಡದು ಎಂದಳಂತೆ. ಸೊಸೆ ಕಣ್ಣೀರು ನುಂಗಿದಳು. ಏಳು ವರ್ಷ ನುಂಗಿದಳು. ಹೂಂ. ಮನೆಯ ನೆಲ ಒಣಗಿತು, ಹಿತ್ತಿಲು ಒಣಗಿತು, ಊರ ಬಾವಿ ಒಣಗಿತು, ಅವಳ ಹೊಟ್ಟೆ ಮಾತ್ರ ದಿನದಿನಕ್ಕೆ ದಪ್ಪವಾಯಿತು. ಊರವರು ಬಸುರಿ ಎಂದು ಮಡಿಲು ತುಂಬಿದರು. ಹೂಂ. ಆಮೇಲೇನಜ್ಜಿ? ಆಮೇಲಿನದು ಇಂಪನಾಳಿಗೆ ಗೊತ್ತಿಲ್ಲ. ಆ ಕಥೆಗೆ ಅವಳು ಪ್ರತಿ ಸಲವೂ ಅಷ್ಟರಲ್ಲೇ ನಿದ್ದೆ ಹೋಗುತ್ತಿದ್ದಳು.

ತುಮಕೂರಿನ ಒಳರಸ್ತೆಯೊಂದರಲ್ಲಿ ಡಾಕ್ಟರ್ ಶಿವಮೂರ್ತಿಯವರ ನಾಯಿ ಬೆಕ್ಕಿನ ಕ್ಲಿನಿಕ್ಕು. ಸ್ಟೀಲಿನ ಮೇಜಿನ ಮೇಲೆ ಮಂತ್ರಿಯನ್ನು ಪಾಷಾ ಎತ್ತಿ ಮಲಗಿಸಿದರು. ಡಾಕ್ಟರು ಐವತ್ತರ ಆಸುಪಾಸಿನವರು, ಕನ್ನಡಕ ಹಣೆಯ ಮೇಲೆ. ಚೀಟಿ ಎಳೆದುಕೊಂಡು ಕೇಳಿದರು:

"ಹೆಸ್ರು?"

"ಇಂಪನಾ."

"ನಿಮ್ದಲ್ಲಮ್ಮ, ಪೇಷಂಟ್‌ದು."

"ಮಂತ್ರಿ."

ಡಾಕ್ಟರು ಪೆನ್ನೆತ್ತಿದರು. "ಯಾವ ಖಾತೆ?"

"ನೀರಾವರಿ ಸಾರ್," ಎಂದರು ಬಾಗಿಲಲ್ಲಿ ನಿಂತಿದ್ದ ಪಾಷಾ. "ಡ್ಯಾಮಿನ ಗೇಟು ಜಾಮ್ ಆಗ್ಬಿಟ್ಟೈತೆ, ನೀವೇ ಎತ್ತಬೇಕು."

ಡಾಕ್ಟರು ನಕ್ಕರು. ಇಂಪನಾಳೂ ತುಟಿ ಅಗಲಿಸಿದಳು, ನಗಬೇಕಾದ ಜಾಗ ಅದು ಎಂದು ಗೊತ್ತಿತ್ತು. ಡಾಕ್ಟರು ನಗುತ್ತಲೇ ಹೊಟ್ಟೆಯ ಕೆಳಗೆ ಕೈ ಹಾಕಿದರು. ಕೈ ಹೊಟ್ಟೆಯ ಮೇಲೆ ಸರಿಯುತ್ತ ಸರಿಯುತ್ತ ನಗು ನಿಂತುಹೋಯಿತು. "ಬ್ಲಾಡರ್ರು ತೆಂಗಿನಕಾಯಿ ಥರ ಆಗಿದೆಯಲ್ರೀ." ಆಮೇಲೆ ಒಂದೊಂದೇ ಕೇಳಿದರು. ಮೊದಲು ಮನೆಯೊಳಗೆ ಮಾಡುತ್ತಿದ್ದನಾ? ಎಷ್ಟು ದಿನದಿಂದ? ಸ್ವಲ್ಪ ಸ್ವಲ್ಪ, ಪದೇ ಪದೇ? ಹೂಂ, ಹೂಂ ಎಂದಳು. "ಎರಡು ತಿಂಗ್ಳು ಅವ್ನು ನಿಮಗೆ ಹೇಳ್ತಾನೇ ಇದ್ದ ಹಾಗಾದ್ರೆ. ಒಳಗೆ ಕಲ್ಲು ಕೂತ್ರೆ ಉರಿ, ತಡ್ಕೊಳಕ್ಕಾಗಲ್ಲ, ಇದ್ದಲ್ಲೇ ಆಗ್ಬಿಡುತ್ತೆ. ಬೇಕಂತ ಮಾಡ್ತಾನೆ ಅಂದ್ಕೊಂಡ್ರಾ?"

"ಅತ್ತೆ ಅಂದ್ರು," ಎಂದಳು. ಹೇಳಿ ನಾಲಿಗೆ ಕಚ್ಚಿಕೊಂಡಳು. ಪೊರಕೆಯ ಹಿಡಿ ಹಿಡಿದದ್ದು ಅತ್ತೆಯ ಕೈಯಲ್ಲ.

"ಎಲ್ರೂ ಅದನ್ನೇ ಅನ್ನೋದು. ಕೊನೇ ಸಲ ಸರಿಯಾಗಿ ಉಚ್ಚೆ ಮಾಡಿದ್ದು ಯಾವಾಗ?"

ಬಾಗಿಲಲ್ಲಿ ಪಾಷಾ ಇದ್ದರು. ಬೇಗ ತಂದವಳು ಎಂದವರು. "ಬೆಳಿಗ್ಗೆಯಿಂದ ಮಾಡಿಲ್ಲ," ಎಂದಳು.

"ಅಂದ್ರೆ ನಿನ್ನೆ ಮಾಡಿದ್ನಾ?"

"ಹೂಂ."

ಡಾಕ್ಟರು ಕನ್ನಡಕವನ್ನು ಕಣ್ಣಿಗಿಳಿಸಿದರು. "ಹಂಗಾದ್ರೆ ಪರ್ವಾಗಿಲ್ಲ, ಕಿಡ್ನಿಗೆ ಅಷ್ಟು ಏಟು ಬಿದ್ದಿರಲ್ಲ. ರಕ್ತ ಕಳಿಸ್ತೀನಿ, ರಿಪೋರ್ಟ್ ಬರೋದು ಸಂಜೆ, ಅಲ್ಲೀತನಕ ಕಾಯಕ್ಕಾಗಲ್ಲ. ಈಗ ಮಂಪರು ಕೊಟ್ಟು ಟ್ಯೂಬ್ ಹಾಕೋಣ. ಎರಡು ಮೂರು ದಿನ ಆಗಿದ್ರೆ ಈ ಇಂಜೆಕ್ಷನ್ ಮುಟ್ಟೋ ಹಾಗೇ ಇರ್ಲಿಲ್ಲ. ವಿಷ ಏರಿರುತ್ತೆ, ಹಾರ್ಟು ನಿಂತ್ಬಿಡುತ್ತೆ." ಹೇಳುತ್ತ ಹೇಳುತ್ತಲೇ ಸಣ್ಣ ಶೀಷೆಯನ್ನು ಬುಡಮೇಲು ಮಾಡಿ ಸಿರಿಂಜಿನೊಳಕ್ಕೆ ಔಷಧ ಎಳೆದುಕೊಳ್ಳುತ್ತಿದ್ದರು.

ಅವಳಿಗೆ ಅರ್ಥವಾಯಿತು. ಅರ್ಥವಾದದ್ದು ಒಂದು ಕಡೆ, ಅವಳು ಒಂದು ಕಡೆ. ನಡುವೆ ಹತ್ತಿ ತುಂಬಿದ ಹಾಗಿತ್ತು. ಗೋಡೆಯ ಮೇಲೆ ಹುಳುವಿನ ಮಾತ್ರೆಯ ಕ್ಯಾಲೆಂಡರಿತ್ತು, ಅದರಲ್ಲಿ ಬೆಳ್ಳಗಿನ ನಾಯಿಮರಿಯೊಂದು ಚೆಂಡು ಕಚ್ಚಿಕೊಂಡು ನಿಂತಿತ್ತು. ಅವಳು ಅದರ ದಿನಾಂಕಗಳನ್ನು ಓದಿದಳು. ಭಾನುವಾರಗಳು ಕೆಂಪಗಿದ್ದವು. ಸೋಮ, ಮಂಗಳ, ಬುಧ ಕಪ್ಪಗಿದ್ದವು. ಈಗ ಮಂತ್ರಿ ಹೇಳುತ್ತಾನೆ ಎಂದುಕೊಂಡಳು. ಅಜ್ಜಿಯ ಕಥೆಗಳಲ್ಲಿ ಪ್ರಾಣಿಗಳು ಹುಟ್ಟಿದಾಗಿನಿಂದ ಮೂಕ, ಆದರೆ ಒಂದು ಸಲ, ಒಂದೇ ಒಂದು ಸಲ, ರಾಜನ ಎದುರು ಸುಳ್ಳು ಗೆಲ್ಲುವ ಹೊತ್ತಿಗೆ ಬಾಯಿ ಬಿಟ್ಟು ಮನುಷ್ಯರ ಮಾತಲ್ಲಿ ಸತ್ಯ ಹೇಳುತ್ತವೆ. ಈಗ ಅವನು ತಲೆ ಎತ್ತುತ್ತಾನೆ, ಡಾಕ್ಟ್ರೇ ಇವಳ ಮಾತು ನಂಬಬೇಡಿ, ನಾಲ್ಕು ದಿನವಾಯಿತು, ಇವಳು ಕಂಬದ ಹತ್ತಿರ ನಿಂತು ನೋಡಿದಳು, ನೀರಿನ ಬಟ್ಟಲು ಕವುಚಿಟ್ಟಳು ಎನ್ನುತ್ತಾನೆ. ಅವಳು ಕಾದಳು. ನಿಜವಾಗಿಯೂ ಕಾದಳು. ಮಂತ್ರಿ ಅವಳನ್ನು ನೋಡಿದ. ಮಡಿಚಿದ ಕಿವಿ ಒಂದಿಷ್ಟು ಅಲುಗಿತು. ಡಾಕ್ಟರು ಮುಂಗಾಲಿನ ಕೂದಲನ್ನು ಸ್ಪಿರಿಟ್ಟಿನಿಂದ ಒರೆಸಿ, ಬೆರಳಿನಿಂದ ನರ ಹುಡುಕುತ್ತಿದ್ದರು. ಮಂತ್ರಿ ಆ ಕಾಲನ್ನು ತಾನೇ ಮುಂದೆ ಚಾಚಿದ, ಕೈ ಕೊಡು ಎಂದು ಅಜ್ಜಿ ಕಲಿಸಿದ್ದ ಹಾಗೆ.

"ನಾಕ್ ದಿನ ಆಯ್ತು."

ಡಾಕ್ಟರು ತಲೆ ಎತ್ತಲಿಲ್ಲ. "ಏನು?"

"ಭಾನುವಾರದಿಂದ ಸರಿಯಾಗಿ ಮಾಡಿಲ್ಲ. ಮಂಗಳವಾರ ಎರಡು ಹನಿ ಬಂತು, ಕೆಂಪಗಿತ್ತು. ನಿನ್ನೆಯಿಂದ ಅದೂ ಇಲ್ಲ. ನೀರು ನಾನೇ ಕಮ್ಮಿ ಮಾಡ್ದೆ."

ಸೂಜಿ ಕೂದಲಿಗೆ ತಾಗಿ ನಿಂತಿತ್ತು. ಡಾಕ್ಟರು ಅದನ್ನು ನಿಧಾನವಾಗಿ ಹಿಂದಕ್ಕೆ ತೆಗೆದು ತಟ್ಟೆಯಲ್ಲಿಟ್ಟರು. ಬೈಯುತ್ತಾರೆ ಎಂದು ಅವಳು ಭುಜ ಕುಗ್ಗಿಸಿ ನಿಂತಳು. ಬೈದಿದ್ದರೆ ಬೈಗುಳದ ಆಚೆ ಏನಾದರೂ ಇರುತ್ತಿತ್ತು. ಅವರು ಚೀಟಿ ಎಳೆದುಕೊಂಡು ಮೊದಲು ಬರೆದದ್ದನ್ನು ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ನಾಲ್ಕು ದಿನ ಎಂದು ಬರೆದರು. "ಹೊರಗೆ ಕೂತಿರಿ," ಎಂದರು. ಬಾಗಿಲಲ್ಲಿ ಪಾಷಾ ಅವಳಿಗೆ ದಾರಿ ಬಿಡಲು ಸರಿದರು. ಅವರ ಕಣ್ಣು ಅವಳ ಮುಖಕ್ಕೆ ಬರಲಿಲ್ಲ, ಆಟೋದ ಕಡೆ ಹೋಯಿತು. "ನಾನು ಗಾಡಿ ನೆರಳಿಗೆ ಹಾಕ್ತೀನಿ," ಎಂದರು. ಗಾಡಿ ನೆರಳಲ್ಲೇ ಇತ್ತು.

ಹೊರಗಿನ ಸಿಮೆಂಟಿನ ಬೆಂಚಿನ ಮೇಲೆ ಕೂತಳು. ಒಳಗೆ ಏನು ನಡೆಯುತ್ತಿದೆ ಎಂಬುದು ಬಾಗಿಲ ಸಂದಿಯಿಂದ ಚೂರು ಚೂರಾಗಿ ಕಾಣುತ್ತಿತ್ತು. ಮಂಪರಿಲ್ಲದೆ, ಹೊಟ್ಟೆಯ ಹೊರಗಿನಿಂದಲೇ ಸೂಜಿ ಚುಚ್ಚಿ ಎಳೆದರು. ಸಿರಿಂಜು ತುಂಬುತ್ತಿತ್ತು, ತಟ್ಟೆಗೆ ಚೆಲ್ಲುತ್ತಿದ್ದರು, ಮತ್ತೆ ತುಂಬುತ್ತಿತ್ತು. ಗಾಢ ಕಾಫಿಯ ಬಣ್ಣ. ಮಂತ್ರಿ ಒಂದು ಸಲ ಮಾತ್ರ ಕೂಗಿದ. ಆಮೇಲೆ ಕಾಲಿಗೆ ಡ್ರಿಪ್ಪು ಹಚ್ಚಿದರು. ಬೆಂಚಿನ ಕೆಳಗೆ ಇರುವೆಗಳು ಬಿಸ್ಕತ್ತಿನ ಚೂರೊಂದನ್ನು ಎಳೆಯುತ್ತಿದ್ದವು. ಅವಳು ಅವನ್ನು ನೋಡಿದಳು. ಅಳು ಬರುತ್ತದೆಯೇ ಎಂದು ಒಳಗೆ ಹುಡುಕಿದಳು, ಖಾಲಿ ಡಬ್ಬದಲ್ಲಿ ಕೈಯಾಡಿಸಿದ ಹಾಗಾಯಿತು. ಊಟದ ಹೊತ್ತು ದಾಟಿತು. ಪಾಷಾ ಎಲ್ಲಿಂದಲೋ ಒಂದು ಟೀ ತಂದು ಬೆಂಚಿನ ಮೇಲಿಟ್ಟು ಹೋದರು. ಡಾಕ್ಟರು ಒಂದು ಸಲ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಹೇಳಿದರು: ಕಲ್ಲು ಒಳಕ್ಕೆ ಸರಿದಿದೆ, ಟ್ಯೂಬು ಹೋಯಿತು, ಈಗ ತಾನಾಗಿ ಇಳಿಯುತ್ತಿದೆ. ರಾತ್ರಿ ಇಲ್ಲೇ ಇರಲಿ. ಹದಿನೈದು ದಿನ ಬಿಟ್ಟು ಆಪರೇಷನ್ನು. "ನೀರು ಕುಡ್ದ ಈಗ. ಉಳ್ಕೊತಾನೆ ಅನ್ಸುತ್ತೆ." ತಿರುಗಿ ಹೋಗುವ ಮುಂಚೆ, "ನೀವು ಆಗ ಹೇಳದೇ ಇದ್ದಿದ್ರೆ..." ಎಂದು ನಿಲ್ಲಿಸಿದರು. ಅದು ಹೊಗಳಿಕೆಯಾಗುತ್ತಿತ್ತೋ ಬೈಗುಳವಾಗುತ್ತಿತ್ತೋ, ಅವರಿಗೂ ಗೊತ್ತಾಗದೆ ನಿಲ್ಲಿಸಿರಬೇಕು.

ನಾಲ್ಕು ಗಂಟೆಗೆ ಅತ್ತೆಯ ಫೋನು ಬಂತು. ಯಾವಾಗಲೂ ಫೋನಿನ ಹಿಂದೆ ಮಿಷಿನ್ನಿನ ಸದ್ದಿರುತ್ತಿತ್ತು. ಇವತ್ತು ಇರಲಿಲ್ಲ.

"ಹೆಂಗವ್ನೆ?"

"ಟ್ಯೂಬ್ ಹಾಕವ್ರೆ ಅತ್ತೆ. ನೀರು ಕುಡಿದ್ನಂತೆ."

"ಏನಂತೆ?"

"ಕಲ್ಲು. ಉಚ್ಚೆ ಕಟ್ಕೊಂಡಿತ್ತು. ನಾಕ್ ದಿನದಿಂದ."

"ಇಂಪೂ," ಎಂದರು ಅತ್ತೆ. ಹಾಗೆ ಅವರು ಕರೆದಿರಲಿಲ್ಲ. "ಸೋಮವಾರ ನೀನು ಹುಕ್ಸ್ ತರಕ್ಕೆ ಅಂಗ್ಡಿಗೆ ಹೋಗಿದ್ದೆ ನೋಡು. ಅವಾಗ ಹಿತ್ಲಲ್ಲಿ ತಿಣುಕ್ತಾ ನಿಂತಿದ್ದ. ಕುಂಯ್ ಕುಂಯ್ ಅಂತಿದ್ದ. ಒಂದ್ ತೊಟ್ಟು ಬೀಳ್ಲಿಲ್ಲ. ನನ್ ಮಕ ನೋಡ್ದ. ನಾನು ಕಿಟ್ಕಿ ಹಾಕ್ಕೊಂಡ್ ಬಂದು ಮಿಷಿನ್ ತುಳಿಯಕ್ ಕೂತೆ. ಸದ್ದು ಕೇಳ್ಬಾರ್ದು ಅಂತ. ನೆಲ ಒಣಗಿತ್ತಲ್ಲ ಕಣವ್ವ. ಎಷ್ಟ್ ದಿನ ಆಗಿತ್ತು ನೆಲ ಒಣಗಿ," ಎಂದರು.

ಕಣವ್ವ. ಹತ್ತು ತಿಂಗಳು ಅವಳು ಆ ಮನೆಯಲ್ಲಿ ಕಿವಿ ತೆರೆದಿಟ್ಟುಕೊಂಡು ಕಾದಿದ್ದ ಮಾತು ಅದು. ಅತ್ತೆ ತಮ್ಮ ಸ್ವಂತ ತಂಗಿಗೆ, ತಂಗಿಯ ಮಕ್ಕಳಿಗೆ ಅನ್ನುತ್ತಿದ್ದ ಮಾತು. ಬಂತು. ಬಂದದ್ದು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಕೇಳುಸ್ತಾ?"

"ಕೇಳುಸ್ತು ಅತ್ತೆ."

"ಮನೇಗೇ ಕರ್ಕೊಂಡ್ ಬಾ. ಡ್ಯಾಮೂ ಬೇಡ ಗೀಮೂ ಬೇಡ." ಮತ್ತೆ ದನಿ ತಗ್ಗಿತು. "ಅಂಜನಂಗೆ ಮಾತ್ರ ಹೇಳ್ಬೇಡ. ಅಮ್ಮ ಹಿಂಗೆ ಅಂತ ಅವ್ನಿಗೆ... ಬೇಡ. ನಮ್ಮಿಬ್ರಲ್ಲೇ ಇರ್ಲಿ."

ಐದೂವರೆಗೆ ಅಂಜನ್‌ಕುಮಾರ್ ಕಾರ್ಖಾನೆಯಿಂದ ಸೀದಾ ಬಂದ. ಬೈಕು ನಿಲ್ಲಿಸಿ, ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದು ಒಳಗೆ ಹೋದ. ಒಳಗಿನಿಂದ ಡಾಕ್ಟರ ದನಿ, ಅವನ ದನಿ, ಮತ್ತೆ ಡಾಕ್ಟರ ದನಿ. ಹೊರಗೆ ಬಂದಾಗ ಅವನ ಅಂಗಿಯ ಕೈಗೆ ಕಂದು ಕೂದಲು ಅಂಟಿತ್ತು, ಮಂತ್ರಿಯನ್ನು ಮುಟ್ಟಿ ಬಂದಿದ್ದ. ಅವಳೆದುರು ನಿಂತ. ಸಿಟ್ಟಿರಲಿಲ್ಲ, ಲೆಕ್ಕ ತಾಳೆಯಾಗದವನ ಮುಖವಿತ್ತು.

"ನಾಕ್ ದಿನ ಅಂತೆ. ನಾನಂತೂ ಬೆಳಿಗ್ಗೆ ಹೋದ್ರೆ ರಾತ್ರಿ ಬರೋನು. ಮನೇಲಿ ಇಬ್ರಿದ್ರಿ. ಇಬ್ರಿಗೂ ಗೊತ್ತಾಗ್ಲಿಲ್ವೇನೇ?"

ಎದುರು ಮನೆಯ ಹೆಂಗಸು ಬಾಗಿಲಿಗೆ ನೀರು ಚಿಮುಕಿಸುತ್ತಿದ್ದಳು. ಪಾಷಾ ಆಟೋದೊಳಗೆ ಕೂತು ಈ ಕಡೆ ನೋಡದಿರಲು ಮೊಬೈಲು ನೋಡುತ್ತಿದ್ದರು. ಇಬ್ಬರಿಗೂ ಗೊತ್ತಾಗಲಿಲ್ಲ ಎಂದರೆ ಮುಗಿಯುತ್ತಿತ್ತು. ಹೂಂ ಎಂದರೂ ಸಾಕಿತ್ತು, ಅವನು ಅದನ್ನು ಹೇಗೆ ಬೇಕಾದರೂ ತಿಳಿದುಕೊಳ್ಳುತ್ತಿದ್ದ.

"ಅತ್ತೆಗೆ ಗೊತ್ತಿರ್ಲಿಲ್ಲ," ಎಂದಳು ಇಂಪನಾ. "ನಂಗೆ ಗೊತ್ತಿತ್ತು."

ಅವನು ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಆಮೇಲೆ ಅದನ್ನು ಬೆಂಚಿನ ನಡುವೆ ಇಟ್ಟು, ಅದರಾಚೆ ಕೂತ.